ಧೂಳಿನ ತಪ್ಪಲ್ಲ: ಬಳ್ಳಾರಿಯ ಒಂದು ಕಿರುಚುವ ಬ್ರೇಕಿನ ಪ್ರಕರಣ

ಡಿಸೆಂಬರ್ ಮೊದಲ ವಾರ ಒಬ್ಬ ಟೀಚರ್ ನಮ್ಮ ಗ್ಯಾರೇಜಿಗೆ ಕಾರು ತಂದರು. ಮನೆ ಬಳ್ಳಾರಿಯಲ್ಲಿ. ಸಂಡೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಭಾನುವಾರ ಬಿಟ್ಟರೆ ದಿನಾ ಕಾರಿನಲ್ಲೇ ಹೋಗಿ ಬರುವುದು. ಎರಡೂ ಕಡೆ ಸೇರಿದರೆ ನೂರು ಕಿಲೋಮೀಟರ್ ದಾಟುತ್ತದೆ. ಕಾರು ಐದು ವರ್ಷದ ಸಣ್ಣ ಪೆಟ್ರೋಲ್ ಗಾಡಿ, 61,000 ಕಿ.ಮೀ. ಓಡಿತ್ತು. ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್.

"ಅಣ್ಣಾ, ಬ್ರೇಕ್ ಹಾಕಿದ್ರೆ ಕೀಂಯ್ ಅಂತೈತೆ. ರಸ್ತೆಯಾಗಿನ ಮಂದಿಯೆಲ್ಲ ತಿರುಗಿ ನೋಡ್ತಾರೆ" ಅಂದರು.

ಅಕ್ಟೋಬರ್‌ನಲ್ಲೇ ಸದ್ದು ಶುರುವಾಗಿತ್ತಂತೆ. ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್, ಅಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಬಿಲ್ಲೆ, ಹಾಕಿಸಿದರು. ಹತ್ತು ಹನ್ನೆರಡು ದಿನ ಸುಮ್ಮನಿತ್ತು, ಮತ್ತೆ ಬಂತು. ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಿದರೆ ಚಕ್ರದ ಜೊತೆ ತಿರುಗುವ ಆ ಡಿಸ್ಕ್ ಬಿಚ್ಚಿ ಲೇತ್‌ಗೆ ಹಾಕಿ ಮಟ್ಟ ಮಾಡಿಕೊಟ್ಟರು. ಆಗಲೂ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಬಂತು. ಕೊನೆಗೆ ಅವರು ಹೇಳಿದ್ದು ಒಂದೇ ಮಾತು: "ಇದು ಮೈನ್ಸ್ ಧೂಳು ಮೇಡಮ್, ಏನೂ ಮಾಡಾಕಾಗಲ್ಲ. ವಾರಕ್ಕೊಮ್ಮೆ ನೀರು ಹೊಡಿಸ್ರಿ."

ನಾನೂ ಮೊದಲ ದಿನ ಅದನ್ನೇ ಹೇಳಿದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಚಕ್ರ ಬಿಚ್ಚಿದೆ. ಡಿಸ್ಕಿನ ಅಂಚಿನ ಮೇಲೆ ಕೂರುವ ಕ್ಯಾಲಿಪರ್ ತುಂಬ ಕೆಂಪು ಧೂಳು ಕೂತಿತ್ತು. ಹೊರಗಡೆಯ ಪ್ಯಾಡ್ ನೋಡಿದೆ, ದಪ್ಪ ಇತ್ತು. ಡಿಸ್ಕ್ ನೋಡಿದೆ, ಗೀರು ಇರಲಿಲ್ಲ. ಬ್ರೇಕ್ ಕ್ಲೀನರ್ ಹೊಡೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಚಕ್ರ ಕೂಡಿಸಿ ಕಳಿಸಿದೆ. ಗ್ಯಾರೇಜಿನ ಮುಂದೆ ನಾಲ್ಕು ಸಲ ಓಡಿಸಿ ನೋಡಿದರೂ ಸದ್ದು ಬರಲಿಲ್ಲ. ತಂದಾಗಲೂ ಬಂದಿರಲಿಲ್ಲ ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ.

ನಾಲ್ಕನೇ ದಿನ ಟೀಚರ್ ಮತ್ತೆ ಬಂದರು. ಬೈಯಲಿಲ್ಲ. ಆದರೆ ಒಂದು ಮಾತು ಹೇಳಿದರು: "ಸದ್ದು ಬರಬಾರದು ಅಂತ ನಾನೀಗ ಮೆಲ್ಲಗೆ ಬ್ರೇಕ್ ಹಾಕೋದೇ ಬಿಟ್ಟೀನಿ ಅಣ್ಣಾ. ಹತ್ರ ಹೋಗಿ ಒಮ್ಮೆಲೇ ಜೋರಾಗಿ ಒತ್ತೀನಿ. ಜೋರಾಗಿ ಒತ್ತಿದ್ರೆ ಸದ್ದು ಬರಲ್ಲ."

ಈ ಮಾತು ಕೇಳಿ ನನಗೆ ಭಯವಾಯಿತು. ಬಳ್ಳಾರಿಯಿಂದ ತೋರಣಗಲ್ಲಿನ ಕಡೆ ಹೋಗುವ ಹೆದ್ದಾರಿ ಹೇಗಿರುತ್ತದೆ ಅಂತ ಅಲ್ಲಿ ಓಡಾಡಿದವರಿಗೆ ಗೊತ್ತು. ಹಳೆಯ 63, ಈಗಿನ 67ನೇ ರಾಷ್ಟ್ರೀಯ ಹೆದ್ದಾರಿ ಅದು. ಅದಿರಿನ ಲಾರಿ, ಉಕ್ಕಿನ ಕಾಯಿಲ್ ಹೊತ್ತ ಟ್ರೇಲರ್, ಬೂದಿಯ ಟ್ಯಾಂಕರ್ ಒಂದರ ಹಿಂದೆ ಒಂದು. ಅವುಗಳ ಹಿಂದೆ ಹೋಗುವವರು ದೂರದಿಂದಲೇ ಮೆಲ್ಲಗೆ ಬ್ರೇಕು ಹಿಡಿಯಬೇಕು. ಒಂದು ಸದ್ದಿಗೆ ಅಂಜಿ ಕೊನೇ ಗಳಿಗೆವರೆಗೆ ಬ್ರೇಕು ಹಾಕದೆ ಹೋಗುವುದೆಂದರೆ ಏನು? "ಸದ್ದಷ್ಟೇ, ಬ್ರೇಕು ಚೆನ್ನಾಗೇ ಹಿಡೀತದೆ" ಅಂತ ಮೊದಲ ದಿನ ನಾನು ಸಮಾಧಾನ ಹೇಳಿ ಕಳಿಸಿದ್ದೆ. ಅದು ತಪ್ಪಾಗಿತ್ತು.

ಆ ದಿನ ಪಾನಾ ಕೈಗೆ ತಗೊಳ್ಳಲಿಲ್ಲ. ಕುರ್ಚಿ ಹಾಕಿ ಕೂರಿಸಿ, ಕೇಳುತ್ತಾ ಹೋದೆ. ಬೆಳಿಗ್ಗೆ ಮನೆಯಿಂದ ಹೊರಟ ಕೂಡಲೇ ಬರುತ್ತದಾ? ಇಲ್ಲ. ರಿವರ್ಸ್‌ನಲ್ಲಿ? ಇಲ್ಲ. ಬ್ರೇಕು ಒತ್ತದೇ ಇದ್ದಾಗ? ಇಲ್ಲ. ಭಾನುವಾರ ಪೇಟೆಗೆ ಹೋದಾಗ? ಸ್ವಲ್ಪ ಯೋಚಿಸಿ, "ಇಲ್ಲ, ಊರೊಳಗೆ ಬಂದಿದ್ದು ನೆನಪಿಲ್ಲ" ಅಂದರು.

ಒಂದು ವಾರ ಬರೆದಿಡಿ ಅಂತ ಕೇಳಿಕೊಂಡೆ. ಸದ್ದು ಮೊದಲು ಬಂದ ಜಾಗ, ಹೊರಟು ಎಷ್ಟು ಹೊತ್ತಾಗಿತ್ತು, ಸ್ಪೀಡು ಎಷ್ಟು, ಪೆಡಲ್ ಮೆಲ್ಲಗೋ ಜೋರೋ, ಆ ದಿನ ರಸ್ತೆ ಹೇಗಿತ್ತು. ಬ್ರೇಕು ಮಾತ್ರ ಮೊದಲಿನಂತೆ ದೂರದಿಂದಲೇ ಹಾಕಬೇಕು, ಸದ್ದು ಬಂದರೆ ಬರಲಿ ಅಂತಲೂ ಮಾತು ತಗೊಂಡೆ.

ವಿಜ್ಞಾನದ ಟೀಚರ್ ಅಲ್ವಾ, ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಬರೆದು ತಂದರು. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಗಿರಾಕಿಯೊಬ್ಬರು ಇಷ್ಟು ಚೆಂದ ಬರೆದು ತಂದಿದ್ದು ನಾನು ನೋಡಿರಲಿಲ್ಲ. ಆ ಎರಡು ಹಾಳೆಯಲ್ಲೇ ಅರ್ಧ ಉತ್ತರ ಇತ್ತು.

ಸೋಮವಾರ, ಮೊದಲ ಸದ್ದು ಕುಡತಿನಿ ದಾಟಿದ ಮೇಲೆ, ಹೊರಟು 28 ನಿಮಿಷಕ್ಕೆ. ಮಂಗಳವಾರ ಸುಮಾರು ಅದೇ ಜಾಗ. ಬುಧವಾರ ಊರು ಬಿಡುವ ಮೊದಲೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರು, ಬ್ರೇಕು ಹಾಕಿ ಬಿಟ್ಟು ಹಾಕಿ ಬಿಟ್ಟು ಹೋಗಬೇಕಾಯಿತು. ಆ ದಿನ 14 ನಿಮಿಷಕ್ಕೇ ಸದ್ದು ಬಂತು. ಶುಕ್ರವಾರದ ಸಾಲು ಎಲ್ಲಕ್ಕಿಂತ ಮುಖ್ಯ. "ತುಂಬಾ ಧೂಳು, ಗಾಳಿ, ಮುಂದೆ ಅದಿರಿನ ಲಾರಿ, ಗ್ಲಾಸ್ ಏರಿಸಿಕೊಂಡು ಹೋದೆ. ಬೇಗ ಹೊರಟಿದ್ದರಿಂದ ರಸ್ತೆ ಖಾಲಿ, ಬ್ರೇಕು ಹಾಕಿದ್ದು ಕಡಿಮೆ. ತೋರಣಗಲ್ಲುವರೆಗೂ ಸದ್ದಿಲ್ಲ." ಇನ್ನು ಶನಿವಾರ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರು ತೆಗೆದಾಗ ಬಂದಿಲ್ಲ, ಇಳಿಜಾರು ಇಳಿದು ಬಂದ ಮೇಲೆ ಬಂದಿದೆ.

ಅತಿ ಹೆಚ್ಚು ಧೂಳು ಕುಡಿದ ದಿನವೇ ಅತಿ ತಡವಾಗಿ ಸದ್ದು ಬಂದಿದೆ. ಹೆಚ್ಚು ಬ್ರೇಕು ಹಾಕಿದ ದಿನ ಬೇಗ ಬಂದಿದೆ. ಅಂದರೆ ಇದು ಧೂಳಿನ ಲೆಕ್ಕವೂ ಅಲ್ಲ, ದೂರದ ಲೆಕ್ಕವೂ ಅಲ್ಲ. ಬ್ರೇಕು ಎಷ್ಟು ಬಿಸಿಯಾಗಿದೆ ಅನ್ನುವುದರ ಲೆಕ್ಕ. ನಮ್ಮ ಗ್ಯಾರೇಜಿಗೆ ಬರುವಷ್ಟರಲ್ಲಿ, ಮೂರು ಕಿಲೋಮೀಟರ್ ಊರೊಳಗಿನ ಓಡಾಟದಲ್ಲಿ, ಆ ಬಿಸಿ ಬರುವುದಿಲ್ಲ. ಮೂರೂ ಗ್ಯಾರೇಜಿನವರು ನೋಡಿದ್ದು ತಣ್ಣಗಿನ ಬ್ರೇಕನ್ನೇ.

ಧೂಳಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಕೆಲಸ ಕಲಿತ ಕಾಲ ಗಣಿಯ ಅಬ್ಬರದ ಕಾಲ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸುವ ಮೊದಲಿನ ಆ ವರ್ಷಗಳಲ್ಲಿ ಹೊಸಪೇಟೆ–ಸಂಡೂರು ಕಡೆಯಿಂದ ಬಂದ ಗಾಡಿಯ ಏರ್ ಫಿಲ್ಟರ್ ಬಿಚ್ಚಿದರೆ ಕುಂಕುಮದ ಡಬ್ಬಿ ಬಿಚ್ಚಿದ ಹಾಗೆ ಇರುತ್ತಿತ್ತು. ಎಂಜಿನ್ ಎಳೆಯದಿದ್ದರೆ ಧೂಳು, ಏಸಿ ತಣ್ಣಗಾಗದಿದ್ದರೆ ಧೂಳು, ವೈಪರ್ ಗೀರು ಬಿಟ್ಟರೆ ಧೂಳು. ಹತ್ತರಲ್ಲಿ ಎಂಟು ಸಲ ಅದು ನಿಜವೂ ಆಗಿರುತ್ತಿತ್ತು. ಹಾಗಾಗಿ ನಮ್ಮ ಬಾಯಿಗೆ ಆ ಮಾತು ಅಂಟಿಕೊಂಡಿತು. ಈ ಕಡೆಯ ಅದಿರು ಹೆಮಟೈಟ್. ಗಡಸುತನದ ಮೋಸ್ ಅಳತೆಯಲ್ಲಿ 5.5ರಿಂದ 6.5. ಚಾಕುವಿನ ಉಕ್ಕಿನ ಸಮಕ್ಕೆ ಬರುವ ಗಡಸು. ಅಂಥ ಪುಡಿ ಪ್ಯಾಡ್ ಮತ್ತು ಡಿಸ್ಕ್ ನಡುವೆ ಸಿಕ್ಕಿಕೊಂಡರೆ ಸದ್ದು ಬರುವುದು ಖಂಡಿತ. ಆದರೆ ಆ ಸದ್ದು ಕರಕರ ಅನ್ನುತ್ತದೆ, ಮರಳು ಅರೆದ ಹಾಗೆ. ಡಿಸ್ಕ್ ಮೇಲೆ ಗೀರು ಬೀಳುತ್ತದೆ. ನಾಲ್ಕು ಸಲ ಬ್ರೇಕು ಹಿಡಿದರೆ ಪುಡಿ ಉದುರಿ ಸುಮ್ಮನಾಗುತ್ತದೆ. ತಣ್ಣಗಿದ್ದಾಗ ಸುಮ್ಮನಿದ್ದು, ಬಿಸಿಯಾದ ಮೇಲೆ ಎದ್ದು ಕೂಗುವ ಬುದ್ಧಿ ಧೂಳಿಗೆ ಇಲ್ಲ.

ಮುಂದಿನ ಸೋಮವಾರ ನಾನೇ ಅವರ ಜೊತೆ ಹೊರಟೆ. ಬೆಳಿಗ್ಗೆ ಏಳು ಗಂಟೆ. ನಾನು ಪಕ್ಕದ ಸೀಟಿನಲ್ಲಿ, ನಮ್ಮ ಹುಡುಗ ಹಿಂದಿನ ಸೀಟಿನಲ್ಲಿ. ಕೈಯಲ್ಲಿ ಟೆಂಪರೇಚರ್ ಗನ್ನು, ಫೋನಿನಲ್ಲಿ ಸದ್ದಿನ ಹರ್ಟ್ಸ್ ತೋರಿಸುವ ಆ್ಯಪ್.

ಕುಡತಿನಿವರೆಗೆ ಏನೂ ಇಲ್ಲ. ಥರ್ಮಲ್ ಪ್ಲಾಂಟ್ ದಾಟಿ ಸ್ವಲ್ಪ ಮುಂದೆ ಒಂದು ಟ್ರೇಲರ್ ನಿಧಾನವಾಯಿತು. ಟೀಚರ್ ಮೆಲ್ಲಗೆ ಪೆಡಲ್ ಮೇಲೆ ಕಾಲಿಟ್ಟರು. ಗಂಟೆಗೆ 25 ಕಿ.ಮೀ. ಆಸುಪಾಸಿಗೆ ಬಂದಾಗ ಬಂತು ನೋಡಿ: ಕೀಂಯ್. ಹಿಂದಿನ ಸೀಟಿನ ಹುಡುಗ ಕಿವಿ ಮುಚ್ಚಿಕೊಂಡ. ಆ್ಯಪ್‌ನಲ್ಲಿ 2,400 ಹರ್ಟ್ಸ್ ಹತ್ತಿರ ಒಂದೇ ಒಂದು ಗೋಪುರ ಎದ್ದು ನಿಂತಿತ್ತು. ಕಾರು 25ರಿಂದ 10ಕ್ಕೆ ಇಳಿದರೂ ಆ ಗೋಪುರ ಅಲ್ಲೇ ಇತ್ತು. ಸದ್ದು ದಪ್ಪ ಆಗಲಿಲ್ಲ, ತೆಳ್ಳಗೂ ಆಗಲಿಲ್ಲ. ಪೆಡಲ್ ಜೋರಾಗಿ ಒತ್ತಿದ ಕೂಡಲೇ ನಿಂತುಹೋಯಿತು.

ಸ್ಪೀಡು ಇಳಿದರೂ ಸ್ವರ ಬದಲಾಗಲಿಲ್ಲ ಅನ್ನುವುದು ದೊಡ್ಡ ಸುಳಿವು. ಚಕ್ರದ ಬೇರಿಂಗ್ ಹೋಗಿದ್ದರೆ, ಡಿಸ್ಕ್ ಹಿಂದಿನ ತಗಡು ಬಾಗಿ ತಾಗುತ್ತಿದ್ದರೆ, ಕಲ್ಲು ಸಿಕ್ಕಿದ್ದರೆ, ಆ ಸದ್ದು ಚಕ್ರದ ಜೊತೆ ಓಡುತ್ತದೆ. ಚಕ್ರ ನಿಧಾನವಾದರೆ ಅದೂ ನಿಧಾನವಾಗುತ್ತದೆ. ಸ್ವರ ಒಂದೇ ಕಡೆ ನಿಂತಿದೆ ಅಂದರೆ ಲೋಹವೇ ಗಂಟೆಯ ಹಾಗೆ ಮಿಡಿಯುತ್ತಿದೆ ಅಂತ ಅರ್ಥ. ಪ್ಯಾಡ್ ಡಿಸ್ಕನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಆ ನಡುಕಕ್ಕೆ ಡಿಸ್ಕ್ ಮತ್ತು ಕ್ಯಾಲಿಪರ್ ತಮ್ಮದೇ ಸ್ವರದಲ್ಲಿ ಕೂಗುತ್ತವೆ.

ಇದನ್ನು ಟೀಚರಿಗೆ ಹೇಗೆ ಹೇಳುವುದು ಅಂತ ನಾನು ಹುಡುಕುತ್ತಿದ್ದರೆ ಅವರೇ ಹೇಳಿದರು: "ಅಂದ್ರೆ ಬೋರ್ಡ್ ಮೇಲೆ ಚಾಕ್‌ಪೀಸ್ ಕಿರುಚಿದ ಹಂಗೆ ಅನ್ರಿ. ಉದ್ದ ಚಾಕ್‌ಪೀಸ್ ಆದ್ರೆ ಕಿರುಚ್ತದೆ. ಅರ್ಧ ಮುರಿದ್ರೆ, ಇಲ್ಲಾ ಹಿಡಿಯೋ ಓರೆ ಬದಲಿಸಿದ್ರೆ ಸುಮ್ಮನಾಗ್ತದೆ." ಅದೇ. ಚಾಕ್‌ಪೀಸ್ ಕೆಟ್ಟಿರುವುದಿಲ್ಲ, ಬೋರ್ಡೂ ಕೆಟ್ಟಿರುವುದಿಲ್ಲ. ಹಿಡಿದಿರುವ ರೀತಿಯಲ್ಲಿ ತೊಂದರೆ ಇರುತ್ತದೆ. ಹಾಗಾದರೆ ಈ ಕಾರಿನಲ್ಲಿ ಪ್ಯಾಡನ್ನು ಹಿಡಿದಿರುವ ಭಾಗ ಯಾವುದು? ಕ್ಯಾಲಿಪರ್. ಅಲ್ಲಿಂದ ನನ್ನ ಕಣ್ಣು ಪ್ಯಾಡ್ ಮತ್ತು ಡಿಸ್ಕ್ ಬಿಟ್ಟು ಕ್ಯಾಲಿಪರ್ ಕಡೆ ತಿರುಗಿತು.

ಯಾವ ಚಕ್ರ ಅನ್ನುವುದು ಇನ್ನೂ ಗೊತ್ತಾಗಬೇಕಿತ್ತು. ಟೀಚರಿಗೆ ಸದ್ದು ಹಿಂದಿನಿಂದ ಬರುತ್ತದೆ ಅನ್ನಿಸುತ್ತಿತ್ತು. ಕಾರಿನ ಒಳಗೆ ಕೂತಾಗ ಇಂಥ ತೆಳು ಸದ್ದಿನ ದಿಕ್ಕು ಕಿವಿಗೆ ಸರಿಯಾಗಿ ಸಿಗುವುದಿಲ್ಲ. ರಸ್ತೆ ಬಿಟ್ಟು ಒಂದು ಗೋದಾಮಿನ ಉದ್ದ ಕಾಂಪೌಂಡ್ ಪಕ್ಕದ ಖಾಲಿ ಜಾಗಕ್ಕೆ ಕಾರು ತಿರುಗಿಸಿದೆವು. ನಾನು ಸ್ಟೀರಿಂಗ್ ಹಿಡಿದೆ. ಮೊದಲು ಪೆಡಲ್ ಮುಟ್ಟದೆ ಬರೀ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ನಿಲ್ಲಿಸಿದೆ. ಈ ಕಾರಿನ ಹ್ಯಾಂಡ್‌ಬ್ರೇಕು ಹಿಂದಿನ ಡ್ರಮ್ಮುಗಳಿಗೆ ಮಾತ್ರ ಹೋಗುತ್ತದೆ. ಐದು ಸಲ ಮಾಡಿದರೂ ಸದ್ದಿಲ್ಲ. ಹಿಂದಿನದು ಅಲ್ಲ. ಆಮೇಲೆ ಕಿಟಕಿ ಇಳಿಸಿ, ಗೋಡೆ ಎಡಕ್ಕೆ ಇರುವ ಹಾಗೆ ಮೆಲ್ಲಗೆ ಹೋಗಿ ಪೆಡಲ್ ಒತ್ತಿದೆ. ಗೋಡೆಗೆ ಬಡಿದು ಸದ್ದು ಮುಖಕ್ಕೆ ಬಂತು. ತಿರುಗಿಸಿಕೊಂಡು ಗೋಡೆ ಬಲಕ್ಕೆ ಮಾಡಿ ಒತ್ತಿದೆ, ಅಷ್ಟು ಜೋರಿಲ್ಲ. ಎಡ ಮುಂಭಾಗ. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ಗೋಡೆಯೊಂದಿದ್ದರೆ ಸಾಕು.

ತೋರಣಗಲ್ಲಿನಲ್ಲಿ ನಿಲ್ಲಿಸಿ ಬಿಸಿ ಅಳೆದೆ. ಗನ್ನನ್ನು ಡಿಸ್ಕಿನ ಹೊಳೆಯುವ ಜಾಗಕ್ಕೆ ಹಿಡಿಯಬಾರದು. ಕನ್ನಡಿಯ ಹಾಗಿರುವ ಲೋಹಕ್ಕೆ ಹಿಡಿದರೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಡುವಿನ ತುಕ್ಕು ಬಣ್ಣದ ಟೊಪ್ಪಿಗೆ ಭಾಗಕ್ಕೆ, ಎರಡೂ ಕಡೆ ಒಂದೇ ಜಾಗಕ್ಕೆ ಹಿಡಿದೆ. ಬಲ 109 ಡಿಗ್ರಿ. ಎಡ 168. ಒಂದೇ ಕಾರು, ಒಂದೇ ಪೆಡಲ್, ಒಂದೇ ರಸ್ತೆ. ಎಡಗಡೆಯ ಬ್ರೇಕು ಒತ್ತಿದ ಮೇಲೆ ಪೂರ್ತಿ ಬಿಡುತ್ತಿಲ್ಲ.

ಟೀಚರನ್ನು ಶಾಲೆಗೆ ಬಿಟ್ಟು, ಒಗ್ಗರಣೆ ಮಿರ್ಚಿ ತಿಂದು, ನಾವಿಬ್ಬರೂ ಕಾರು ವಾಪಸ್ ತಂದೆವು. ಸಂಜೆಗೆ ಅವರು ಬಸ್ಸಿಗೆ ಬರುತ್ತೇನೆ ಅಂದಿದ್ದರು.

ಈ ಸಲ ಕ್ಯಾಲಿಪರ್ ಪೂರ್ತಿ ಬಿಚ್ಚಿದೆ. ಎಡಗಡೆ ಹೊರಗಿನ ಪ್ಯಾಡ್ 9.1 ಮಿ.ಮೀ. ಒಳಗಿನದು 6.8. ಹೊಸದಾಗಿದ್ದಾಗ ಎರಡೂ 10 ಇದ್ದಿರಬೇಕು. ಒಳಗಿನದರ ಎರಡು ತುದಿಯೂ ಸಮ ಇರಲಿಲ್ಲ, ಓರೆಯಾಗಿ ಸವೆದಿತ್ತು. ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಬಲಗಡೆ 8.9 ಮತ್ತು 9.0. ಮೊದಲ ದಿನ ನಾನು ನೋಡಿದ್ದು ಹೊರಗಿನ ಪ್ಯಾಡ್ ಮಾತ್ರ. ಚಕ್ರ ಬಿಚ್ಚಿದ ಕೂಡಲೇ ಕಣ್ಣಿಗೆ ಬೀಳುವುದು ಅದೊಂದೇ. ಒಳಗಿನದು ಡಿಸ್ಕ್ ಹಿಂದೆ ಅಡಗಿರುತ್ತದೆ. ಎರಡು ಬೋಲ್ಟ್ ಬಿಚ್ಚಿದ್ದರೆ ಅವತ್ತೇ ಸಿಗುತ್ತಿತ್ತು.

ಈ ನಮೂನೆಯ ಕ್ಯಾಲಿಪರ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ಇದರಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ, ಒಂದೇ. ಪೆಡಲ್ ಒತ್ತಿದಾಗ ಆ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಅದು ತಾಗಿದ ಮೇಲೆ ಇಡೀ ಕ್ಯಾಲಿಪರ್ ಎದುರು ದಿಕ್ಕಿಗೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತಂದು ಒತ್ತುತ್ತದೆ. ಹಾಗೆ ಜಾರಲು ಎರಡು ಸ್ಲೈಡ್ ಪಿನ್ ಇರುತ್ತವೆ, ಮೇಲೊಂದು, ಕೆಳಗೊಂದು. ಇವು ಬೆರಳಲ್ಲಿ ತಳ್ಳಿದರೆ ಜಾರಬೇಕು. ಜಾರದಿದ್ದರೆ ಒಳಗಿನ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡುತ್ತದೆ, ಪೆಡಲ್ ಬಿಟ್ಟ ಮೇಲೂ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಮೇಲಿನ ಪಿನ್ ಸರಾಗವಾಗಿ ಬಂತು. ಕೆಳಗಿನದರ ತುದಿಯಲ್ಲಿ ಒಂದು ರಬ್ಬರ್ ಬುಶ್ ಇರುತ್ತದೆ. ಅದು ಹೊರಗೆ ಬರಲು ತಿರುಗಿಸಿ ತಿರುಗಿಸಿ ಎಳೆಯಬೇಕಾಯಿತು. ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಬುಶ್ ಉಬ್ಬಿತ್ತು. ರಾತ್ರಿ ನೆನೆಸಿಟ್ಟ ಕಡಲೆಕಾಳು ಬೆಳಿಗ್ಗೆ ಹೇಗಿರುತ್ತದೆ, ಹಾಗೆ. ಉಗುರಲ್ಲಿ ಒತ್ತಿದರೆ ಗುಳಿ ಬಿದ್ದು ಮೆಲ್ಲಗೆ ಮೇಲೆ ಬರುತ್ತಿತ್ತು. ಸುತ್ತ ಕಂದು ಬಣ್ಣದ ಗ್ರೀಸ್ ದಂಡಿಯಾಗಿ ಮೆತ್ತಿತ್ತು. ಮೂಸಿ ನೋಡಿದೆ. ಚಕ್ರದ ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ವಾಸನೆ.

ಆ ಗ್ರೀಸನ್ನು ಬಿಳಿ ಕಾಗದದ ಮೇಲೆ ಸವರಿ ಟ್ಯೂಬ್‌ಲೈಟ್ ಕೆಳಗೆ ಹರಡಿ ನೋಡಿದೆ. ಕೆಂಪು ಚುಕ್ಕೆ ಒಂದೂ ಇರಲಿಲ್ಲ. ಪಿನ್ ಮೇಲೆ ಮುಚ್ಚಳದ ಹಾಗೆ ಕೂರುವ ರಬ್ಬರ್ ಬೂಟ್ ಎಲ್ಲೂ ಹರಿದಿರಲಿಲ್ಲ. ಕ್ಯಾಲಿಪರ್ ಹೊರಗೆ ಬೆರಳು ದಪ್ಪ ಧೂಳು, ಒಳಗೆ ಒಂದು ಕಣವೂ ಇಲ್ಲ.

ಮಾಮೂಲಿ ಗ್ರೀಸ್ ಹಾಕಿದರೆ ಏನಾಗುತ್ತದೆ? ಬ್ರೇಕಿನ ರಬ್ಬರ್ ಸಾಮಾನ್ಯವಾಗಿ ಇ.ಪಿ.ಡಿ.ಎಂ. ಜಾತಿಯದು. ಬ್ರೇಕ್ ಆಯಿಲ್ ಅಂತ ನಾವು ಕರೆದರೂ ಅದು ಪೆಟ್ರೋಲಿಯಂ ಎಣ್ಣೆಯಲ್ಲ, ಗ್ಲೈಕಾಲ್ ದ್ರವ. ಅದನ್ನು ತಡೆದುಕೊಳ್ಳಲೆಂದೇ ಆ ರಬ್ಬರ್ ಆರಿಸಿರುತ್ತಾರೆ. ಆದರೆ ಎಂಜಿನ್ ಆಯಿಲ್, ಡೀಸೆಲ್, ಮಾಮೂಲಿ ಗ್ರೀಸ್ ತಾಗಿದರೆ ಅದೇ ರಬ್ಬರ್ ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸನ್ನೇ ಹಾಕಬೇಕು. ಹಾಕಿದವರು ಯಾರು ಅಂತ ನಾನು ಕೇಳಲು ಹೋಗಲಿಲ್ಲ. ಪಿನ್ ಒಣಗಿದೆ, ಒಂದಿಷ್ಟು ಗ್ರೀಸ್ ಇರಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಯಾರೋ ಹಾಕಿದ್ದಾರೆ. ಬಲಗಡೆಯೂ ಅದೇ ಗ್ರೀಸ್ ಇತ್ತು, ಆದರೆ ತೆಳ್ಳಗೆ. ಅಲ್ಲಿ ಬುಶ್ ಸ್ವಲ್ಪ ಊದಿತ್ತು, ಜಾರುವುದು ನಿಂತಿರಲಿಲ್ಲ.

ಆದರೂ ನನಗೆ ಒಂದು ಸಂಶಯ ಉಳಿದಿತ್ತು. ತಣ್ಣಗಿದ್ದಾಗ ಈ ಎಡ ಪಿನ್ ಕಷ್ಟಪಟ್ಟಾದರೂ ಜಾರುತ್ತಿದೆಯಲ್ಲ? ಬಿಸಿಯಾದಾಗ ಮಾತ್ರ ನಿಲ್ಲುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬೇಕಿತ್ತು. ಗ್ರೀಸ್ ಒರೆಸದೆ ಪಿನ್ನನ್ನು ಅದರ ತೂತಿಗೇ ವಾಪಸ್ ತೂರಿಸಿ, ಆ ತೂತು ಇರುವ ಬ್ರಾಕೆಟ್ಟನ್ನೇ ಬಿಚ್ಚಿ ತಂದೆ. ಹೆಬ್ಬೆರಳಲ್ಲಿ ಒತ್ತಿದೆ, ಬಿಗಿಯಾಗಿ ಒಳಗೆ ಹೋಯಿತು. ಪಕ್ಕದ ಚಹಾ ಅಂಗಡಿಯಿಂದ ಕುದಿಯುವ ನೀರು ತರಿಸಿ, ಹಳೆಯ ಬಕೆಟ್‌ನಲ್ಲಿ ಬ್ರಾಕೆಟ್ ಮುಳುಗಿಸಿ ಹತ್ತು ನಿಮಿಷ ಬಿಟ್ಟೆ. ಇಕ್ಕಳದಲ್ಲಿ ಎತ್ತಿ, ಬಟ್ಟೆ ಸುತ್ತಿ, ಮತ್ತೆ ಹೆಬ್ಬೆರಳಲ್ಲಿ ಒತ್ತಿದೆ. ಅಲ್ಲಾಡಲಿಲ್ಲ. ಹುಡುಗನಿಗೆ ಕೊಟ್ಟೆ. ಅವನು ಎರಡೂ ಹೆಬ್ಬೆರಳು ಹಾಕಿ ಒತ್ತಿದ, ಆಗಲೂ ಇಲ್ಲ. ಬ್ರಾಕೆಟ್ ತಣ್ಣಗಾದ ಮೇಲೆ ಮತ್ತೆ ಜಾರಿತು. ಬಿಸಿಗೆ ಉಕ್ಕು ಹಿಗ್ಗುವುದಕ್ಕಿಂತ ರಬ್ಬರ್ ಬಹಳ ಜಾಸ್ತಿ ಹಿಗ್ಗುತ್ತದೆ. ಮೊದಲೇ ಊದಿ ತೂತಿನ ತುಂಬ ಕೂತಿದ್ದ ಬುಶ್‌ಗೆ ಇನ್ನು ಜಾಗ ಎಲ್ಲಿ?

ಎರಡು ತಿಂಗಳ ಗುಟ್ಟು ಆ ಬಕೆಟ್‌ನಲ್ಲಿ ಬಿಚ್ಚಿಕೊಂಡಿತು. ಬ್ರೇಕು ಬಿಸಿಯಾದರೆ ಪಿನ್ ಹಿಡಿದುಕೊಳ್ಳುತ್ತದೆ. ಪಿನ್ ಹಿಡಿದರೆ ಕ್ಯಾಲಿಪರ್ ಓರೆಯಾಗಿ ನಿಲ್ಲುತ್ತದೆ, ಒಳಗಿನ ಪ್ಯಾಡ್ ಓರೆಯಾಗಿ ಉಜ್ಜುತ್ತದೆ. ಉಜ್ಜಿದ್ದಕ್ಕೆ ಇನ್ನಷ್ಟು ಬಿಸಿ. ಮೆಲ್ಲಗೆ ಒತ್ತಿದಾಗ ಪ್ಯಾಡ್ ಹಿಡಿದು ಜಾರಿ ಹಿಡಿದು ಜಾರಿ ಕಿರುಚುತ್ತದೆ. ಜೋರಾಗಿ ಒತ್ತಿದರೆ ಪೂರ್ತಿ ಅದುಮಿಕೊಂಡು ನಡುಕ ನಿಲ್ಲುತ್ತದೆ. ಹೊಸ ಪ್ಯಾಡ್ ಹಾಕಿದಾಗ, ಡಿಸ್ಕ್ ಮಟ್ಟ ಮಾಡಿದಾಗ ಯಾಕೆ ಕೆಲವು ದಿನ ಸುಮ್ಮನಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಹೊಸ ಮೈ ಒರಟಾಗಿರುತ್ತದೆ, ಸಮವಾಗಿ ಕೂರುತ್ತದೆ. ಓರೆ ಸವೆದು ಗಾಜಾಗಲು ಹತ್ತು ಹನ್ನೆರಡು ದಿನ ಬೇಕು.

ರಿಪೇರಿ ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಬಾರದು ಅಂತ ನಿರ್ಧಾರ ಮಾಡಿದೆ. ಎಲ್ಲ ಬದಲಿಸಿ ಸದ್ದು ನಿಂತರೆ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ. ಹಿಂದೆ ಎರಡು ಸಲ ಹಾಗೇ ಮೋಸ ಹೋಗಿದ್ದಾಯಿತಲ್ಲ. ಟೀಚರಿಗೆ ಫೋನ್ ಮಾಡಿ ಕೇಳಿದೆ, ಒಂದು ದಿನ ಜಾಸ್ತಿ ಬೇಕು, ಕೊಡ್ತೀರಾ? "ಪ್ರಯೋಗ ಅಂದ್ರೆ ಹಂಗೇ ಮಾಡಬೇಕು ಅಣ್ಣಾ, ಮಾಡ್ರಿ" ಅಂದರು.

ಮೊದಲು ಪಿನ್ನುಗಳನ್ನು, ಅವುಗಳ ತೂತುಗಳನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ಹಳೆಯ ಗ್ರೀಸ್ ಒಂದಿಷ್ಟೂ ಇಲ್ಲದ ಹಾಗೆ ಮಾಡಿದೆ. ಎರಡೂ ಕಡೆಗೆ ಹೊಸ ಬುಶ್ ಮತ್ತು ಬೂಟ್ ಹಾಕಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದೆ. ಪಿಸ್ಟನ್ ಕೂಡ ಒತ್ತಿ ನೋಡಿದೆ, ಸರಾಗವಾಗಿ ಒಳಗೆ ಹೋಯಿತು, ಅದರ ರಬ್ಬರ್ ಚೆನ್ನಾಗಿತ್ತು. ಪ್ಯಾಡ್ ಹಳೆಯವೇ. ಧೂಳನ್ನೂ ಬೇಕೆಂದೇ ಹಾಗೇ ಬಿಟ್ಟೆ. ಮರುದಿನ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ತೋರಣಗಲ್ಲುವರೆಗೆ ಹೋದೆ. ಎಡ 112, ಬಲ 106. ಸದ್ದು ಪೂರ್ತಿ ಹೋಗಿರಲಿಲ್ಲ. ಎರಡು ಮೂರು ಸಲ ಚಿಕ್ಕದಾಗಿ ಚಿರ್ ಅಂದು ನಿಂತಿತು. ಓರೆಯಾಗಿ ಸವೆದ ಪ್ಯಾಡ್ ಇನ್ನೂ ಒಳಗಿತ್ತಲ್ಲ, ಅಷ್ಟು ಇರುವುದೇ.

ವಾಪಸ್ ಬಂದು ಎರಡನೇ ಕೆಲಸ. ಮುಂದಿನ ನಾಲ್ಕೂ ಪ್ಯಾಡ್ ಬದಲಿಸಿದೆ. ಒಂದು ಕಡೆಯದು ಮಾತ್ರ ಬದಲಿಸಿದರೆ ಬ್ರೇಕು ಒಂದು ಬದಿಗೆ ಎಳೆಯಬಹುದು. ತೆಗೆದ ಪ್ಯಾಡುಗಳ ಬೆನ್ನಿಗೆ ಶಿಮ್ ಇರಲಿಲ್ಲ. ಶಿಮ್ ಅಂದರೆ ಪ್ಯಾಡಿನ ಬೆನ್ನಿಗೆ ಕೂರುವ ತೆಳು ತಗಡು. ರಬ್ಬರ್ ಪದರ ಇರುವ ಶಿಮ್ ನಡುಕವನ್ನು ನುಂಗಿಕೊಳ್ಳುತ್ತದೆ. ಹಳೆಯ ಪ್ಯಾಡ್ ಜೊತೆ ಅದನ್ನೂ ಎಸೆದುಬಿಡುವುದು ನಮ್ಮ ಕಡೆ ಸಾಮಾನ್ಯ. ಇದೂ ಸದ್ದಿಗೆ ಸ್ವಲ್ಪ ಗಾಳಿ ಹಾಕಿರಬೇಕು. ಶಿಮ್ ಹಾಕಿದೆ. ಪ್ಯಾಡ್ ಕೂರುವ ಕ್ಲಿಪ್ಪುಗಳ ಕೆಳಗಿನ ತುಕ್ಕು ಮತ್ತು ಧೂಳನ್ನು ತಂತಿ ಬ್ರಷ್‌ನಲ್ಲಿ ತೆಗೆದೆ. ಇಲ್ಲಿ ಮಾತ್ರ ಧೂಳಿಗೂ ಒಂದು ಪಾಲಿತ್ತು, ಒಳ ಮೂಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಏರ್ ಹೊಡೆದು ಊದಲಿಲ್ಲ. ಬ್ರೇಕಿನ ಪುಡಿ ಉಸಿರಿಗೆ ಹೋಗಬಾರದು. ನಮ್ಮ ಹುಡುಗರಿಗೂ ಒದ್ದೆ ಬಟ್ಟೆಯಲ್ಲೇ ಒರೆಸುವುದನ್ನು ರೂಢಿ ಮಾಡಿಸಿದ್ದೇನೆ.

ಡಿಸ್ಕ್ ಅಂಚಿನಲ್ಲಿ ಕನಿಷ್ಠ ದಪ್ಪ ಕೆತ್ತಿರುತ್ತಾರೆ. ಲೇತ್‌ಗೆ ಹೋಗಿ ಬಂದ ಡಿಸ್ಕ್ ಆದ್ದರಿಂದ ಮೈಕ್ರೊಮೀಟರ್ ಹಾಕಿ ನೋಡಿದೆ, ಆ ಅಳತೆಗಿಂತ 1.2 ಮಿ.ಮೀ. ಜಾಸ್ತಿ ಉಳಿದಿತ್ತು. ಡಯಲ್ ಗೇಜ್‌ನಲ್ಲಿ ಡಿಸ್ಕ್ ತಿರುಗುವಾಗಿನ ಓಲಾಟ 0.04 ಮಿ.ಮೀ. ತೊಂದರೆ ಇಲ್ಲ. ಎಮರಿ ಪೇಪರ್‌ನಿಂದ ಸುತ್ತು ಸುತ್ತಾಗಿ ತಿಕ್ಕಿ ಹೊಳಪು ಮುರಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ಸಿರುಗುಪ್ಪ ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ, ಗಂಟೆಗೆ 50 ಕಿ.ಮೀ.ನಿಂದ 10ಕ್ಕೆ ಹದವಾಗಿ ಬ್ರೇಕು ಹಿಡಿದು ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು, ಹೀಗೆ ಹತ್ತು ಸಲ ಮಾಡಿದೆ. ಆಮೇಲೆ ಬ್ರೇಕು ಮುಟ್ಟದೆ ಐದಾರು ಕಿಲೋಮೀಟರ್ ಗಾಳಿಗೆ ಬಿಟ್ಟೆ. ಹೊಸ ಪ್ಯಾಡಿನ ತೆಳು ಪದರ ಡಿಸ್ಕ್ ಮೇಲೆ ಸಮವಾಗಿ ಕೂರಬೇಕಾದರೆ ಇದು ಬೇಕು. ಬಹಳ ಜನ ಈ ಕೆಲಸ ಬಿಟ್ಟುಬಿಡುತ್ತಾರೆ, ಗಿರಾಕಿಗೂ ಹೇಳುವುದಿಲ್ಲ.

ಬುಶ್, ಬೂಟ್ ಕಿಟ್ಟಿಗೆ ಬಿದ್ದ ದುಡ್ಡು 380 ರೂಪಾಯಿ. ಅದಕ್ಕೂ ಮೊದಲು ಬೇರೆ ಬೇರೆ ಕಡೆ ಟೀಚರ್ ಕೊಟ್ಟಿದ್ದು 5,000ಕ್ಕೂ ಜಾಸ್ತಿ. ಮೊದಲ ದಿನ ನಾನು ತಗೊಂಡಿದ್ದ ಕ್ಲೀನಿಂಗ್ ಹಣವನ್ನು ಬಿಲ್ಲಿನಲ್ಲಿ ಕಳೆದೆ. ಬೇಡ ಅಂದರು, ಆದರೂ ಕಳೆದೆ.

ಉಳಿದಿದ್ದ ಒಂದು ಹೊಸ ಬುಶ್ಶನ್ನು ಮಾಮೂಲಿ ಗ್ರೀಸ್ ತುಂಬಿದ ಸ್ಟೀಲ್ ಡಬ್ಬಿಯಲ್ಲಿ, ಇನ್ನೊಂದನ್ನು ಸಿಲಿಕೋನ್ ಗ್ರೀಸ್‌ನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟೆ. ಹುಡುಗರು ನೋಡಲಿ ಅಂತ. ಎರಡು ವಾರದ ಮೇಲೆ ತೆಗೆದು ಅವರ ಅಂಗೈ ಮೇಲೆ ಇಟ್ಟೆ. ಎರಡನ್ನೂ ಬೆರಳಲ್ಲಿ ಉರುಳಿಸಿ ನೋಡಿದರು. ಯಾವುದು ಯಾವ ಡಬ್ಬಿಯದು ಅಂತ ಯಾರೂ ಕೇಳಲಿಲ್ಲ. ಆಮೇಲೆ ಆ ಡಬ್ಬಿಗಳನ್ನು ಟೀಚರ್ ತಮ್ಮ ಶಾಲೆಯ ಮಕ್ಕಳಿಗೆ ತೋರಿಸಲು ತಗೊಂಡು ಹೋದರು.

ಮಾರ್ಚ್ ಮಧ್ಯದಲ್ಲಿ, ಪರೀಕ್ಷೆ ಶುರುವಾಗುವ ಮೊದಲು, ಕಾರು ಮತ್ತೆ ಬಂತು. ಸದ್ದಿಗಲ್ಲ, ನಾನೇ ಕರೆದಿದ್ದೆ. ಅಷ್ಟೊತ್ತಿಗೆ 7,000 ಕಿ.ಮೀ. ಹತ್ತಿರ ಓಡಿತ್ತು. ಈಗ ದೂರದಿಂದಲೇ ಮೆಲ್ಲಗೆ ಬ್ರೇಕು ಹಾಕುತ್ತೀರಾ ಅಂತ ಕೇಳಿದೆ. "ಹೌದಣ್ಣಾ, ಮೊದಲಿನಂಗೇ" ಅಂದರು. ಎರಡೂ ಕಡೆ ಕ್ಯಾಲಿಪರ್ ಬಿಚ್ಚಿ ಅಳೆದೆ. ಎಡ ಒಳಗೆ 8.7, ಹೊರಗೆ 8.8. ಬಲ 8.8, 8.8. ನಾಲ್ಕೂ ಪಿನ್ ಬೆರಳಲ್ಲಿ ತಳ್ಳಿದರೆ ಜಾರುತ್ತಿದ್ದವು. ಕ್ಯಾಲಿಪರ್ ಬೆನ್ನ ಮೇಲೆ ಮೂರು ತಿಂಗಳ ಕೆಂಪು ಧೂಳು ಹಾಗೇ ಕೂತಿತ್ತು, ಬೆರಳಲ್ಲಿ ಎಳೆದರೆ ಗೆರೆ ಬೀಳುವಷ್ಟು.